ಲಿಯೋಟಾರ್ಡ್ ಮತ್ತು ಆ ದಿನಗಳು

ಜಿಮ್ನಾಸ್ಟಿಕ್ಸ್ ಕಲಿಯೋ ಹುಡುಗಿ ತಿಂಗಳಿಗೊಮ್ಮೆ ಕ್ಲಾಸ್ ತಪ್ಪಿಸ್ತಾಳಾ? ಹೊಟ್ಟೆನೋವಿಗಿಂತ ಹೆಚ್ಚಾಗಿ ಅವಳನ್ನು ಕಾಡೋದು ಬಿಗಿ ಲಿಯೋಟಾರ್ಡ್‌ನಲ್ಲಿ ಕಲೆ ಕಂಡೀತೆಂಬ ಭಯ ಇರಬಹುದು.

ಕಪ್ಪು ಪೀರಿಯಡ್ ಪ್ಯಾಂಟಿ ಕೊಡಿಸಿ. ಅಭ್ಯಾಸದಲ್ಲಿ ಮೇಲೊಂದು ಶಾರ್ಟ್ಸ್ ಹಾಕ್ಕೋತಾಳೆ ಅಂತ ಕೋಚ್‌ಗೆ ನೀವೇ ಹೇಳಿಬಿಡಿ. ಸ್ಪರ್ಧೆಯಲ್ಲೂ ಕಾಲು ಪೂರ್ತಿ ಮುಚ್ಚುವ ಉಡುಪಿಗೆ ಅಂತಾರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿ ತಂಡ ಅದನ್ನೇ ತೊಟ್ಟಿತ್ತು. ಬ್ಯಾಗಲ್ಲಿ ಹೆಚ್ಚುವರಿ ಪ್ಯಾಡ್, ಒಂದು ಜೊತೆ ಬಟ್ಟೆ ಇರಲಿ. ನೋವಿದ್ದ ದಿನ ಆಡೋದೋ ಬಿಡೋದೋ, ಅವಳೇ ಹೇಳಲಿ.

ಮುಟ್ಟು 3 ತಿಂಗಳು ಬರಲೇ ಇಲ್ಲವಾದರೆ ಮಾತ್ರ ‘ಸದ್ಯ, ಕಾಟ ತಪ್ಪಿತು’ ಅನ್ನಬೇಡಿ. ಕಸರತ್ತಿಗೆ ತಕ್ಕ ಊಟ ಸಿಗುತ್ತಿಲ್ಲ ಅಂತ ದೇಹ ಹೇಳ್ತಿರಬಹುದು. ಹಾಗೇ ಬಿಟ್ಟರೆ ಮೂಳೆ ದುರ್ಬಲವಾಗುತ್ತೆ. ಡಾಕ್ಟರಿಗೆ ತೋರಿಸಿ.