‘ಹೊಂದಿಕೊಂಡು ಹೋಗು’ ಎನ್ನುವವರಿಗೆ

ಹೆಣ್ಣುಮಗಳನ್ನು ಮನೆಯಿಂದ ಕಳುಹಿಸುವಾಗ ನಾವು ಕಟ್ಟಿಕೊಡುವ ಬುತ್ತಿ ಒಂದೇ ಮಾತು: ‘ಹೊಂದಿಕೊಂಡು ಹೋಗು.’ ಗಂಡನ ಮನೆಗೆ ಹೊರಟವಳಿಗೂ ಅದೇ, ನರ್ಸ್ ಆಗಿ ರಿಯಾದಿಗೋ ಲಂಡನ್ನಿಗೋ ಹೊರಟವಳಿಗೂ ಅದೇ. ದುಡಿಸಿಕೊಳ್ಳುವ ಆಸ್ಪತ್ರೆ, ಕಳುಹಿಸುವ ಏಜೆಂಟ್, ಸಂಬಳ ಎಣಿಸುವ ಮನೆಯವರು ಅವಳಿಗೆ ಸ್ವಲ್ಪ ಹೊಂದಿಕೊಳ್ಳಲಿ ಎಂದು ಯಾರೂ ಹೇಳುವುದಿಲ್ಲ.

ಹೆಗ್ಗದ್ದೆ, ಸಕಲೇಶಪುರ, ಆಲೂರಿನ ನಮ್ಮ ಈ ಮಲೆಸೀಮೆಯಲ್ಲಿ ಕಾಫಿಗೆ ರೇಟು ಕೇಳುವ ಹಾಗೆಯೇ ನರ್ಸಿಗೂ ರೇಟು ಕೇಳುವ ಚಾಳಿ ನಮಗಿದೆ. ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳನ್ನು ಕಂಡರೆ ಮೂಗು ಮುರಿಯುತ್ತೇವೆ. ಅವಳೇ ವೀಸಾ ಹಿಡಿದು ಹೊರಟರೆ ಮದುವೆಯ ಮಾತು ಹೊತ್ತು ತರುತ್ತೇವೆ. ಪರಗಂಡಸರ ಮೈ ಮುಟ್ಟುವ ಕೆಲಸ ನಮ್ಮ ಮಕ್ಕಳಿಗೆ ಬೇಡ ಎನ್ನುವ ಮುಸ್ಲಿಂ ಹಿರಿಯರೂ ಇದ್ದಾರೆ. ಪ್ರವಾದಿಯವರ ಕಾಲದಲ್ಲಿ ಮದೀನದ ಮಸೀದಿಯಲ್ಲೇ ಗುಡಾರ ಹಾಕಿ ಯುದ್ಧದ ಗಾಯಾಳುಗಳ ಆರೈಕೆ ಮಾಡಿದ ರುಫೈದಾರನ್ನು ಇವರು ಮರೆತಿದ್ದಾರೆ. ಕೆಲಸ ಕೀಳಲ್ಲ. ರಿಯಾಲ್ ಬಂದಾಗ ಮಾತ್ರ ಅದನ್ನು ಗೌರವಿಸುವ ನಮ್ಮ ಬುದ್ಧಿ ಕೀಳು.

ಹಣದಾಸೆಗೆ ಹೋಗುತ್ತಾರೆ ಎಂದು ಮೂದಲಿಸುವವರು ಇಲ್ಲಿನ ಸಂಬಳದ ಚೀಟಿ ನೋಡಿದ್ದಾರೆಯೇ? ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ರಚನೆಯಾದ ತಜ್ಞರ ಸಮಿತಿ, ಎಷ್ಟೇ ಸಣ್ಣ ಖಾಸಗಿ ಆಸ್ಪತ್ರೆಯಾದರೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸಿನ ಸಮಾನ ಸಂಬಳ ಎಂದಿತು. ಜಾರಿಯ ಹೊಣೆಯನ್ನು ರಾಜ್ಯಗಳಿಗೆ ಬಿಡಲಾಯಿತು. ಶಿಫಾರಸು ಕಾಗದದಲ್ಲಿ ಉಳಿದರೆ ಹುಡುಗಿಯರು ವಿಮಾನ ಹತ್ತದೆ ಏನು ಮಾಡುತ್ತಾರೆ?

ವಿಮಾನ ಹತ್ತುವ ಮುನ್ನವೇ ಸುಲಿಗೆ ಶುರುವಾಗುತ್ತದೆ. ಕುವೈತಿನ ಕೆಲಸಕ್ಕೆ ಕೊಚ್ಚಿಯ ಏಜೆನ್ಸಿಯೊಂದು ತಲಾ ಸುಮಾರು 19.5 ಲಕ್ಷ ರೂಪಾಯಿ ವಸೂಲಿ ಮಾಡಿತೆಂಬ ಆರೋಪದ ಮೇಲೆ 2015ರಲ್ಲಿ ಸಿಬಿಐ ಮೊಕದ್ದಮೆ ಹೂಡಿತು. ಆಗ ಏಜೆಂಟ್ ಪಡೆಯಬಹುದಾದ ಗರಿಷ್ಠ ಶುಲ್ಕ 20,000 ರೂಪಾಯಿ. ಈಗ ಅದು 30,000 ಮತ್ತು ಜಿಎಸ್‌ಟಿ. ಈ ಮಿತಿ ಎಷ್ಟು ತಂದೆತಾಯಿಗಳಿಗೆ ಗೊತ್ತಿದೆ? ಜಮೀನು ಅಡವಿಟ್ಟು ಹೋದವಳು ಅಲ್ಲಿ ಎಂಥ ಅವಮಾನಕ್ಕೂ ‘ಆಗಲಿ’ ಎನ್ನಲೇಬೇಕಾಗುತ್ತದೆ. ಅವಳ ತಾಳ್ಮೆ ಎಂದು ನಾವು ಹೊಗಳುವುದು ಎಷ್ಟೋ ಬಾರಿ ಅವಳ ಸಾಲ.

ಬ್ರಿಟನ್ನಿನಲ್ಲಿ ಹಿಂದೆ ಹೊರದೇಶದ ನರ್ಸುಗಳಿಗೆ ನೋಂದಣಿ ಸಿಗುವ ಮುನ್ನ ನಿಗಾವಣೆಯಲ್ಲಿ ದುಡಿಯುವ ಅವಧಿಯೊಂದಿತ್ತು. ಅದಕ್ಕೆ ಅವರು ಇಟ್ಟ ಹೆಸರೇ ‘ಅಡಾಪ್ಟೇಶನ್’, ಅಂದರೆ ಹೊಂದಿಕೊಳ್ಳುವಿಕೆ! ವರ್ಷಗಟ್ಟಲೆ ವಾರ್ಡು ನಡೆಸಿ ಬಂದವರು ಅಲ್ಲಿ ಆಯಾಗಳ ಕೆಲಸ ಮಾಡುತ್ತ ಕಾಯ್ದರು. ಗಲ್ಫಿನಲ್ಲಿ ಕಫೀಲನ ಅನುಮತಿಯಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಕತಾರ್ 2020ರಲ್ಲಿ, ಸೌದಿ 2021ರಲ್ಲಿ ಈ ಕಟ್ಟು ಸಡಿಲಿಸಿದವು. ಅಂದರೆ ವ್ಯವಸ್ಥೆಯೂ ಬದಲಾಗಬಲ್ಲದು, ಒತ್ತಾಯಿಸಿದರೆ.

ಉಡುಪಿ ಜಿಲ್ಲೆಯ ಶಿರ್ವದ ನಂಟಿನ ಜೆಸಿಂತಾ ಸಲ್ದಾನ ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಲಂಡನ್ನಿನ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದವರು. 2012ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ರೇಡಿಯೋದವರು ರಾಣಿಯ ದನಿಯಲ್ಲಿ ಮಾಡಿದ ಕುಚೇಷ್ಟೆಯ ಕರೆಯನ್ನು ನಿಜವೆಂದು ನಂಬಿ ವಾರ್ಡಿಗೆ ದಾಟಿಸಿದರು. ಜಗತ್ತು ನಕ್ಕಿತು. ಮೂರೇ ದಿನದಲ್ಲಿ ಅವರು ಇಲ್ಲವಾದರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೆ ಅಷ್ಟು ವರ್ಷ ನಿಷ್ಠೆಯಿಂದ ಹೊಂದಿಕೊಂಡ ಜೀವದ ಹೆಸರನ್ನು ಜಗತ್ತು ಕೇಳಿದ್ದು ಆಗ ಮಾತ್ರ.

ಪರದೇಶವೆಲ್ಲ ನರಕವೆಂದು ನಾವು ಹೇಳುತ್ತಿಲ್ಲ. ಹೋಗಿ, ಗೌರವದಿಂದ ದುಡಿದು, ತಮ್ಮಂದಿರನ್ನು ಓದಿಸಿದವರಿದ್ದಾರೆ. ಹೋಗುವವರು ಹೋಗಲಿ. ಆದರೆ ಕರಾರನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ತಾಲ್ಲೂಕು ಕೇಂದ್ರದಲ್ಲಿರಲಿ. ಮಸೀದಿ, ಚರ್ಚು, ಸಂಘಗಳು ಏಜೆಂಟರ ಲೈಸೆನ್ಸ್ ಕೇಳುವುದನ್ನು ಕಲಿಯಲಿ. ಸಮಿತಿ ಹೇಳಿದ ಸಂಬಳವನ್ನು ನಮ್ಮ ಆಸ್ಪತ್ರೆಗಳು ಕೊಡಲಿ. ಮಗಳು ಫೋನಿನಲ್ಲಿ ‘ಇಲ್ಲಿ ಆಗುತ್ತಿಲ್ಲ’ ಎಂದರೆ ‘ಸಾಲ ತೀರುವವರೆಗೆ ಸಹಿಸು’ ಎನ್ನದೆ ‘ವಾಪಸು ಬಾ’ ಎನ್ನುವ ಎದೆ ಮನೆಯವರಿಗಿರಲಿ. ಹೊಂದಿಕೊಳ್ಳುವ ಸರದಿ ಈಗ ನಮ್ಮದು.