ಉಷ್ಣ ಎಂದು ಹರಳೆಣ್ಣೆ ಹಚ್ಚುವ ಮುನ್ನ

ಕೂದಲು ಉದುರಿದರೆ ನಮ್ಮಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ, ಹರಳೆಣ್ಣೆ ಹಚ್ಚು’. ತಾಲ್ಲೂಕು ಆಸ್ಪತ್ರೆಯ ನರ್ಸ್ ಆಗಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೂದಲು, ಉಗುರು ಬೆಳೆಯುವುದು ಬುಡದ ಜೀವಕೋಶಗಳ ವಿಭಜನೆಯಿಂದ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಚಯಾಪಚಯ ನಿಧಾನವಾಗಿ ಆ ಕೆಲಸವೂ ಕುಂಟುತ್ತದೆ. ಮೊನ್ನೆ ಬಂದಿದ್ದ ಅಕ್ಕ ಬಿಸಿಲಲ್ಲೂ ಸ್ವೆಟರ್ ಹಾಕಿದ್ದರು. ಹುಬ್ಬಿನ ಹೊರತುದಿ ಬೋಳಾಗಿತ್ತು, ಉಗುರು ಪದರಪದರವಾಗಿ ಸೀಳಿತ್ತು. ಅವರಿಗೆ ಬೇಕಿದ್ದದ್ದು ಎಣ್ಣೆಯಲ್ಲ, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ.

ಬೆಚ್ಚಗಿನ ಹವೆಯಲ್ಲಿ ಉಗುರು ತುಸು ಬೇಗ ಬೆಳೆಯುವುದು ನಿಜ. ಹಾಗೆಂದು ಜ್ವರದಿಂದ ಮೈ ಕಾದರೆ ಬೆಳವಣಿಗೆ ಹೆಚ್ಚುವುದಿಲ್ಲ. ಟೈಫಾಯ್ಡ್, ಡೆಂಗಿಯಂಥ ಜ್ವರಕ್ಕೆ ಉಗುರಿನ ಬುಡ ಕೆಲಸ ನಿಲ್ಲಿಸಿದರೆ ಆಮೇಲೆ ಅಡ್ಡಕ್ಕೆ ತಗ್ಗುಗೆರೆ ಮೂಡುತ್ತದೆ. ಫ್ರೆಂಚ್ ವೈದ್ಯ ಬೋ ಇದನ್ನು 1846ರಲ್ಲೇ ವಿವರಿಸಿದ್ದರು. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಗೆರೆ ಬುಡದಿಂದ 6 ಮಿ.ಮೀ. ಮೇಲಿದ್ದರೆ ಜ್ವರ ಬಂದು ಹೆಚ್ಚುಕಡಿಮೆ ಎರಡು ತಿಂಗಳಾಗಿದೆ ಎಂದರ್ಥ. ಕೂದಲು ಉದುರುವುದೂ ಆ ಹೊತ್ತಿಗೇ, ಮತ್ತು ಅದು ಬಹುಪಾಲು ತಾನಾಗಿ ಮರಳುತ್ತದೆ. ದುಬಾರಿ ಎಣ್ಣೆಗೆ ಸುರಿಯುವ ಹಣದಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಮ್ಮ ಆಶಾ ಕಾರ್ಯಕರ್ತೆಯರೂ ಮನೆಮನೆಗೆ ಹೋದಾಗ ಹೇಳಬೇಕು.