ಚಪಾತಿಯ ಗೋಧಿಗೆ ಕಾಡುಹುಲ್ಲಿನ ನಂಟು ಬೇಕೆ?

ಮುಂಬಯಿ ಗೋಧಿ ಬೆಳೆಯುವ ಊರಲ್ಲ, ತಿನ್ನುವ ಊರು. ಆದರೂ ಗೋಧಿ ತಳಿಗಳ ಒಂದು ಹಳೆಯ ಜಗಳದಲ್ಲಿ ಈ ನಗರಕ್ಕೆ ಎರಡು ಬಗೆಯ ಪಾಲಿದೆ. ಲೋಕ್‌ವನ್ ಬೇಕೋ ಸಿಹೋರ್ ಬೇಕೋ ಎಂದು ಆರಿಸಿ ಚಕ್ಕಿಗೆ ಕೊಡುವ ಗಿರಾಕಿ ಇಲ್ಲಿದ್ದಾನೆ. ಗೋಧಿಬೀಜಕ್ಕೆ ವಿಕಿರಣ ಹಾಯಿಸಿ ಹೊಸ ತಳಿ ಹುಡುಕುವ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಇಲ್ಲೇ ಇದೆ. ತುಕ್ಕುರೋಗವನ್ನೂ ಸೆಕೆಯನ್ನೂ ತಾಳುವ ಗುಣಕ್ಕಾಗಿ ಕಾಡುಹುಲ್ಲುಗಳನ್ನು ಗೋಧಿಗೆ ಕೂಡಿಸಬೇಕೆ, ಅಥವಾ ಗೋಧಿಯ ಮನೆಯೊಳಗೇ ಹುಡುಕಿದರೆ ಸಾಕೆ ಎಂಬುದು ಆ ಜಗಳ.

ಪರ

ಕಾಡುಹುಲ್ಲಿನ ನಂಟು ಗೋಧಿಗೆ ಹೊಸದೇನಲ್ಲ. ಸುಮಾರು ಎಂಟು-ಹತ್ತು ಸಾವಿರ ವರ್ಷಗಳ ಹಿಂದೆ, 28 ವರ್ಣತಂತುಗಳ ಸಾಗುವಳಿ ಗೋಧಿಯೊಂದು ಈಜಿಲಾಪ್ಸ್ ಟೌಶಿಯೈ ಎಂಬ ಹುಲ್ಲಿನೊಡನೆ ತಾನಾಗಿ ಬೆರೆತಾಗಲೇ 42 ವರ್ಣತಂತುಗಳ ಈಗಿನ ಗೋಧಿ ಹುಟ್ಟಿದ್ದು. ಆದರೆ ಅಂಥ ಬೆರಕೆ ನಡೆದದ್ದು ಬೆರಳೆಣಿಕೆಯ ಗಿಡಗಳಲ್ಲಿ. ಹಾಗಾಗಿ ಆ ಹುಲ್ಲಿನ ಸಂಪತ್ತಿನಲ್ಲಿ ಬಹುಪಾಲು ಹೊರಗೇ ಉಳಿಯಿತು. ತುಕ್ಕಿನ ಶಿಲೀಂಧ್ರವಾದರೋ ಸುಮ್ಮನೆ ಕೂರುವುದಿಲ್ಲ. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವರ್ಷವಿಡೀ ಬದುಕುಳಿಯುವ ಕಪ್ಪು ತುಕ್ಕಿನ ಬೀಜಕಣಗಳು ಗಾಳಿಮಳೆಯ ಜೊತೆ ಕರ್ನಾಟಕ, ಮಹಾರಾಷ್ಟ್ರ ದಾಟಿ ಮಧ್ಯಭಾರತದ ಹೊಲಗಳಿಗೆ ಇಳಿಯುತ್ತವೆ. ಮುಂಬಯಿಯ ಹಿಟ್ಟಿನ ಡಬ್ಬಿ ತುಂಬುವುದು ಆ ಹೊಲಗಳಿಂದಲೇ. ಅಲ್ಲಿನ ಜನಪ್ರಿಯ ಲೋಕ್-1, ಅಂದರೆ ನಮ್ಮ ಲೋಕ್‌ವನ್, ತುಕ್ಕಿಗೆ ಸುಲಭದ ತುತ್ತು.

ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರ ಇದಕ್ಕೆ ಉತ್ತರ ಹುಡುಕಿದ ಬಗೆ ನೋಡಬೇಕು. ಚಪಾತಿಗೆ ಹೆಸರಾದ ಸಿ 306 ತಳಿಗೆ, ಥಿನೊಪೈರಮ್ ಪಾಂಟಿಕಮ್ ಎಂಬ ಎತ್ತರದ ಹುಲ್ಲಿನಿಂದ ಬಂದ ವರ್ಣತಂತುವಿನ ತುಣುಕೊಂದನ್ನು ಸೇರಿಸಿ, ಮತ್ತೆ ಮತ್ತೆ ಸಿ 306ಕ್ಕೇ ಸಂಕರಿಸುತ್ತ ಹೋದರು. ಹುಲ್ಲಿನ ಬೇಡದ ಗುಣಗಳು ಸೋಸಿಹೋಗಿ, ಚಪಾತಿಯ ಗುಣ ಉಳಿದು, ತುಕ್ಕು ತಡೆಯುವ ಶಕ್ತಿ ಬಂತು. ‘ಅಮರ್’ ಎಂಬ ಹೆಸರಿನ ಎಚ್‌ಡಬ್ಲ್ಯು 2004 ತಳಿ ಹುಟ್ಟಿದ್ದು ಹೀಗೆ. ಹುಲ್ಲು ಬೆರೆತರೆ ರುಚಿ ಕೆಡುತ್ತದೆ ಎನ್ನುವವರು ಮೊದಲು ಇದಕ್ಕೆ ಜವಾಬು ಹೇಳಬೇಕು.

ವಿರೋಧ

ಜವಾಬು ಅವರ ಬಳಿ ಇಲ್ಲದಿಲ್ಲ, ಅದು ಪಾವ್‌ನಲ್ಲಿದೆ. ರೈ ಧಾನ್ಯದ ಒಂದು ವರ್ಣತಂತುಭಾಗ ಜಗತ್ತಿನ ನೂರಾರು ಗೋಧಿ ತಳಿಗಳಿಗೆ, ನಮ್ಮಲ್ಲಿ 1995ರ ಪಿಬಿಡಬ್ಲ್ಯು 343ಕ್ಕೆ, ಎಸ್‌ಆರ್ 31 ಎಂಬ ಕಪ್ಪು ತುಕ್ಕು ನಿರೋಧಕ ಜೀನನ್ನು ತಂದಿತು. ರೈ ಕಾಡುಹುಲ್ಲಲ್ಲ, ಬೆಳೆಯೇ. ಆದರೂ ಗೋಧಿಗೆ ಪರಕೀಯ. ಜೀನಿನ ಬೆನ್ನಿಗೇ ರೈಯ ಪ್ರೋಟೀನುಗಳೂ ಬಂದವು; ಹಿಟ್ಟು ನಾದಿದರೆ ಅಂಟಂಟು, ಬ್ರೆಡ್ಡಿನ ಗುಣ ಇಳಿಮುಖ. ಇಷ್ಟೆಲ್ಲ ಸಹಿಸಿಕೊಂಡ ಮೇಲೆ 1998-99ರಲ್ಲಿ ಉಗಾಂಡಾದಲ್ಲಿ ಕಾಣಿಸಿಕೊಂಡ ಯುಜಿ 99 ಎಂಬ ತುಕ್ಕು ಎಸ್‌ಆರ್ 31 ಅನ್ನು ಮುರಿಯಿತು. ಅಮರ್‌ನಲ್ಲಿದ್ದ ಹುಲ್ಲಿನ ತುಣುಕಿನ ಕಥೆಯೂ ಪೂರ್ತಿ ಸುಖಾಂತವಲ್ಲ. ಅದರಲ್ಲಿ ಎರಡು ಜೀನುಗಳಿದ್ದವು: ಕಂದು ತುಕ್ಕಿನ ವಿರುದ್ಧದ್ದು ಬಹುಕಾಲ ನಿಂತಿತು, ಕಪ್ಪು ತುಕ್ಕಿನ ವಿರುದ್ಧದ ಎಸ್‌ಆರ್ 24ಕ್ಕೆ ಮಣಿಯದ ತುಕ್ಕು 1989ರ ಹೊತ್ತಿಗೇ ನೀಲಗಿರಿಯಲ್ಲಿ ಸಿಕ್ಕಿತು. ಇದಕ್ಕಿಂತ ಮನೆಯೊಳಗಿನದೇ ವಾಸಿ ಎನ್ನುತ್ತಾರೆ ವಿರೋಧಿಗಳು. ಗಾಮಾ ಕಿರಣದಿಂದ ಸೊನೋರಾ 64ರ ಕೆಂಪು ಕಾಳನ್ನು ನಮ್ಮ ಚಪಾತಿಗೊಪ್ಪುವ ತಿಳಿಬಣ್ಣಕ್ಕೆ ತಿರುಗಿಸಿದ ಶರಬತಿ ಸೊನೋರಾ 1967ರಷ್ಟು ಹಳೆಯದು. ಟ್ರಾಂಬೆಯ ಹಾದಿಯೂ ಅದೇ, ಈಚಿನ ಟ್ರಾಂಬೆ ಜೋಧಪುರ ಗೋಧಿ-153 ಅದರ ಫಲ. ತುಕ್ಕನ್ನು ಪೂರ್ತಿ ತಡೆಯದೆ ನಿಧಾನಗೊಳಿಸುವ ಎಸ್‌ಆರ್ 2 ಜೀನು ಬಂದದ್ದು ಸಾಗುವಳಿಯ ಜವೆ ಗೋಧಿಯಿಂದ, ಅದು ದಶಕಗಳಿಂದ ಬಾಳಿದೆ. ಮುಂಬಯಿಯಲ್ಲಿ ಖಪ್ಲಿ ಎಂದು ಮಾರುವ ಜವೆ ಗೋಧಿಯಲ್ಲೂ ಎಸ್‌ಆರ್ 13 ಎಂಬ ನಿರೋಧಕ ಜೀನಿದೆ.

ವಿರೋಧಿಗಳ ಬಲವಾದ ಸಾಕ್ಷಿಯೇ ಅವರ ಕೈಬಿಡುವುದು ಇಲ್ಲಿ. ಜವೆ ಗೋಧಿಗೆ 28 ವರ್ಣತಂತು, ಚಪಾತಿ ಗೋಧಿಗೆ 42. ಎಸ್‌ಆರ್ 2 ಬಂದದ್ದೂ ಜಾತಿಯ ಗೆರೆ ದಾಟಿಯೇ. ಮನೆಯೊಳಗು ಎಲ್ಲಿಗೆ ಮುಗಿಯುತ್ತದೆಂದು ಅವರೇ ಹೇಳಲಿ. ಇನ್ನು ವಿಕಿರಣ ಇದ್ದ ಜೀನನ್ನು ಬದಲಿಸಬಲ್ಲದು, ಅಳಿಸಬಲ್ಲದು. ಇಲ್ಲದ ನಿರೋಧಕ ಜೀನನ್ನು ಹೊಸದಾಗಿ ಕಟ್ಟುವುದು ಬಲು ಅಪರೂಪ. ಅಷ್ಟಕ್ಕೂ ವಿಕಿರಣ ಮತ್ತು ಕಾಡುಹುಲ್ಲು ಎದುರಾಳಿಗಳಲ್ಲ. ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆದ 1956ರಲ್ಲೇ ಅಮೆರಿಕದ ಅರ್ನೆಸ್ಟ್ ಸಿಯರ್ಸ್, ಎಕ್ಸ್-ಕಿರಣದಿಂದ ಈಜಿಲಾಪ್ಸ್ ಅಂಬೆಲ್ಯುಲೇಟಾ ಹುಲ್ಲಿನ ವರ್ಣತಂತುವನ್ನು ಮುರಿದು, ತುಕ್ಕುನಿರೋಧಕ ತುಣುಕನ್ನು ಗೋಧಿಗೆ ಜೋಡಿಸಿದ್ದನ್ನು ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಸಸಿಗಳಲ್ಲಿ ಬೇಡದ ಗುಣಗಳ ಹೊರೆಯಿಲ್ಲದೆ ಸಿಕ್ಕಿದ್ದು ಒಂದೇ ಜೋಡಣೆ, ಸಿಕ್ಕಿತಲ್ಲ! ತುಕ್ಕುನಿರೋಧಕ ಜೀನಿನ ಜೊತೆಗೇ ಬಂದು ಹಿಟ್ಟಿಗೆ ಹಳದಿ ಬಣ್ಣ ತರುತ್ತಿದ್ದ ಮತ್ತೊಂದು ಹುಲ್ಲಿನ ಜೀನಿನ ಪ್ರಭಾವವನ್ನು ಕೆನಡಾದ ವಿಜ್ಞಾನಿ ನಾಟ್ ರಾಸಾಯನಿಕ ಉತ್ಪರಿವರ್ತನೆಯಿಂದಲೇ ಕುಗ್ಗಿಸಿದರು.

ಎಸ್‌ಆರ್ 31ರ ಸೋಲಿನ ತಪ್ಪನ್ನು ಕಾಡಿನ ಮೇಲೆ ಹೊರಿಸುವುದೂ ಸರಿಯಲ್ಲ. ಒಂದೇ ಜೀನನ್ನು ಲಕ್ಷಾಂತರ ಹೆಕ್ಟೇರಿಗೆ ಹರಡಿದರೆ ಅದು ಎಲ್ಲಿಂದ ಬಂದಿದ್ದರೂ ಶಿಲೀಂಧ್ರ ಅದರ ಗುಟ್ಟು ಕಲಿಯುತ್ತದೆ. ಎರಡು ಮೂರು ಜೀನುಗಳನ್ನು ಒಂದೇ ತಳಿಯಲ್ಲಿ ಪೇರಿಸಬೇಕು, ಜೊತೆಗೆ ಎಸ್‌ಆರ್ 2ರಂಥ ನಿಧಾನದ್ದೂ ಇರಬೇಕು. ಆದರೆ ಒಂದು ಜೀನು ಕೆಲಸ ಮಾಡುತ್ತಿದ್ದರೆ ಇನ್ನೊಂದು ಇದೆಯೋ ಇಲ್ಲವೋ ಹೊಲದಲ್ಲಿ ಕಣ್ಣಿಗೆ ಕಾಣದು. ಡಿಎನ್‌ಎ ಗುರುತು ಬೇಕು. ಟ್ರಾಂಬೆಯ ಸಂಶೋಧಕರು 2006ರಲ್ಲಿ ಎಸ್‌ಆರ್ 31ಕ್ಕೆ ಅಂಥ ಗುರುತುಗಳನ್ನು ರೂಪಿಸಿ ಪ್ರಕಟಿಸಿದ್ದರು. ಹುಲ್ಲಿನ ಪ್ರತಿ ಜೀನಿಗೂ ಆ ಕೆಲಸ ನಡೆಯಬೇಕು. ಪೇರಿಸಿ ಮುಗಿದ ತಳಿಯ ಹಿಟ್ಟನ್ನು ಬಿಡುಗಡೆಗೆ ಮುಂಚೆಯೇ ನಾದಿ, ಚಪಾತಿಗೂ ಪಾವ್‌ಗೂ ಒಡ್ಡಿ ನೋಡುವುದನ್ನು ತಪ್ಪಿಸುವಂತಿಲ್ಲ. ವಿರೋಧಿಗಳ ಆ ಒಂದು ಷರತ್ತನ್ನು ನಾನು ಪೂರ್ತಿ ಒಪ್ಪುತ್ತೇನೆ.